ಊರಿನ ಬರಹಕ್ಕೆ ಊರಿನವರದೇ ಸರ್ವರ್

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಹೊರಬಂದದ್ದು 1905ರಲ್ಲಿ. ಅದು ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರಕ್ಕೇ ಸೇರಿದ್ದವು. ನೂರಿಪ್ಪತ್ತು ವರ್ಷ ಕಳೆದರೂ ಆ ಪುಸ್ತಕ ಓದಲು ಸಿಗುತ್ತದೆ. ಇದೇ ಊರುಗಳ ಬಗ್ಗೆ ಹದಿನೈದಿಪ್ಪತ್ತು ವರ್ಷಗಳ ಹಿಂದೆ ಯಾರಾದರೂ ಉಚಿತ ಜಾಲತಾಣದಲ್ಲಿ ಬರೆದಿಟ್ಟಿದ್ದರೆ ಅದು ಇವತ್ತು ಸಿಕ್ಕರೆ ಪುಣ್ಯ. ಪುಸ್ತಕದ ಪ್ರತಿಗಳು ಹಲವು ಗ್ರಂಥಾಲಯಗಳಲ್ಲಿ, ಹಲವರ ಜವಾಬ್ದಾರಿಯಲ್ಲಿ ಇದ್ದವು. ಜಾಲತಾಣ ಒಂದೇ ಕಡೆ, ಒಂದೇ ಕಂಪನಿಯ ಇಷ್ಟದ ಮೇಲೆ ನಿಂತಿತ್ತು. ಊರಿನ ಸಂಗತಿಗಳನ್ನು ಕನ್ನಡದಲ್ಲಿ ಬರೆದಿಡುವ ಕೆಲಸ ಹಿಡಿದವರು ತಮ್ಮ ವೆಬ್‌ಸೈಟನ್ನು ಉಚಿತ ಆಶ್ರಯದಿಂದ ಎತ್ತಿ ತಾವೇ ನೋಡಿಕೊಳ್ಳುವ ಸರ್ವರಿಗೆ ತರಬೇಕು ಎಂಬುದು ನನ್ನ ವಾದ. ಹಣ ಉಳಿಯುತ್ತದೆಂದೋ ಪುಟ ಬೇಗ ತೆರೆಯುತ್ತದೆಂದೋ ಇದನ್ನು ಹೇಳುತ್ತಿಲ್ಲ. ಹಣ ಉಳಿಯುವುದಿಲ್ಲ, ವೇಗವೂ ಹೆಚ್ಚಲಿಕ್ಕಿಲ್ಲ. ಆದರೆ ಬರಹ ಇರಬೇಕೋ ಬೇಡವೋ ಎಂಬ ತೀರ್ಮಾನ ಬರೆದವರ ಕೈಯಲ್ಲಿ ಉಳಿಯುತ್ತದೆ.

ಮೊದಲು ಉಚಿತ ಆಶ್ರಯಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸೋಣ. ವೆಬ್‌ಸೈಟುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಕೇಳಿದಾಗಲೆಲ್ಲ ಡೇಟಾಬೇಸಿನಿಂದ ಮಾಹಿತಿ ಹೆಕ್ಕಿ ಪುಟವನ್ನು ಆಗಿಂದಾಗ ಕಟ್ಟಿಕೊಡುವುದು ಒಂದು ಬಗೆ. ವರ್ಡ್‌ಪ್ರೆಸ್, ಡ್ರೂಪಲ್ ಈ ಜಾತಿಯವು. ಪುಟಗಳನ್ನು ಮೊದಲೇ ಸಿದ್ಧಮಾಡಿ ಫೈಲುಗಳಾಗಿ ಇಟ್ಟು, ಕೇಳಿದವರಿಗೆ ಇದ್ದುದನ್ನು ಇದ್ದಹಾಗೆ ಕೊಡುವುದು ಇನ್ನೊಂದು. ಇದಕ್ಕೆ ಸ್ಟ್ಯಾಟಿಕ್ ತಾಣ ಎನ್ನುತ್ತಾರೆ. ಇದರಲ್ಲಿ ಸರ್ವರಿಗೆ ಹೆಚ್ಚು ಕೆಲಸವೇ ಇಲ್ಲದ್ದರಿಂದ ಕಂಪನಿಗಳು ಪುಕ್ಕಟೆ ಕೊಡಬಲ್ಲವು. ಗಿಟ್‌ಹಬ್ 2008ರಲ್ಲಿ ‘ಪೇಜಸ್’ ಎಂಬ ಸೌಲಭ್ಯ ಆರಂಭಿಸಿತು, ಆಮೇಲೆ ನೆಟ್ಲಿಫೈ, ಕ್ಲೌಡ್‌ಫ್ಲೇರ್ ಮೊದಲಾದವು ಬಂದವು. ಒಂದು ಪೈಸೆ ಖರ್ಚಿಲ್ಲದೆ, ಗೂಢಲಿಪೀಕರಣದ ಬೀಗವೂ ಸೇರಿ, ಜಗತ್ತಿಗೆಲ್ಲ ತೆರೆಯುವ ತಾಣ ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ. ಕಾಲೇಜು ಹುಡುಗ ಹುಡುಗಿಯರು ವೆಬ್ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆರಂಭ ಅಲ್ಲಿಯೇ ಆಗಲಿ. ಅಲ್ಲಿಯೇ ಉಳಿದುಬಿಡುವುದಕ್ಕೆ ನನ್ನ ಆಕ್ಷೇಪ.

ಆಕ್ಷೇಪಕ್ಕೆ ಆಧಾರ ಚರಿತ್ರೆಯಲ್ಲೇ ಇದೆ. 1994ರಲ್ಲಿ ಹುಟ್ಟಿದ ಜಿಯೋಸಿಟೀಸ್, ಸಾಮಾನ್ಯ ಜನರು ತಮ್ಮದೆಂಬ ಪುಟ ಕಟ್ಟಿಕೊಂಡ ಮೊದಮೊದಲ ಜಾಗಗಳಲ್ಲಿ ಒಂದು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಕೋಟಿಗಟ್ಟಲೆ ಪುಟಗಳು ಹೋದವು. ‘ಆರ್ಕೈವ್ ಟೀಮ್’ ಎಂಬ ಸ್ವಯಂಸೇವಕರ ಗುಂಪು ಹಗಲಿರುಳು ನಕಲು ತೆಗೆದದ್ದರಿಂದ ಒಂದಿಷ್ಟು ಉಳಿಯಿತು, ಆದರೆ ಹಳೆಯ ವಿಳಾಸಗಳೆಲ್ಲ ಸತ್ತವು. ವಿಳಾಸಗಳ ಕಥೆಯೂ ಹೀಗೆಯೇ. ಫ್ರೀನಾಮ್ ಎಂಬ ಸಂಸ್ಥೆ ಪುಟ್ಟ ದೇಶಗಳ ಹೆಸರಿನ ಡೊಮೇನುಗಳನ್ನು ವರ್ಷಗಟ್ಟಲೆ ಪುಕ್ಕಟೆ ಹಂಚಿತು. ಕಾಸಿಲ್ಲದ ವಿದ್ಯಾರ್ಥಿಗಳ ಪಾಲಿಗೆ ಅದು ವರವೇ ಆಗಿತ್ತು. 2023ರಲ್ಲಿ ಗ್ಯಾಬನ್ ದೇಶ ತನ್ನ ಹೆಸರನ್ನು ವಾಪಸು ಪಡೆದಾಗ ಲಕ್ಷಲಕ್ಷ ವಿಳಾಸಗಳು ಒಮ್ಮೆಲೇ ಅಳಿಸಿಹೋದವು, ಮರುವರ್ಷ ಫ್ರೀನಾಮ್ ಆ ವ್ಯವಹಾರವನ್ನೇ ಬಿಟ್ಟಿತು. ನಮ್ಮ ದೇಶದ ನಿದರ್ಶನ ಬೇಕೆಂದರೆ 2014ರ ಡಿಸೆಂಬರ್ ನೆನಪಿಸಿಕೊಳ್ಳಬೇಕು. ಭಯೋತ್ಪಾದಕ ಪ್ರಚಾರದ ನೆಪದಲ್ಲಿ ಕೇಂದ್ರ ಸರ್ಕಾರ 32 ತಾಣಗಳನ್ನು ತಡೆಯಲು ಆದೇಶಿಸಿತು. ಆ ಪಟ್ಟಿಯಲ್ಲಿ ವಿಡಿಯೊ ತಾಣ ವಿಮಿಯೋ, ಇಂಟರ್ನೆಟ್ ಆರ್ಕೈವ್‌ಗಳ ಜೊತೆಗೆ ವೀಬ್ಲಿಯಂಥ ಉಚಿತ ವೆಬ್‌ಸೈಟ್ ಆಶ್ರಯಗಳೂ ಇದ್ದವು. ಯಾರೋ ಒಬ್ಬ ಹಾಕಿದ ಪುಟಕ್ಕಾಗಿ ಅದೇ ಸೂರಿನಡಿ ಇದ್ದ ಸಂಬಂಧವಿಲ್ಲದವರ ಬಾಗಿಲುಗಳೂ ಮುಚ್ಚಿದವು. ಹಲವನ್ನು ಕೆಲವೇ ದಿನಗಳಲ್ಲಿ ತೆರೆದರು ನಿಜ. ಆದರೆ ಆ ದಿನಗಳಲ್ಲಿ ಬಾಧೆಪಟ್ಟವರು ದೂರು ಹೇಳಿಕೊಳ್ಳಲು ಹೋಗಬೇಕಾದ ಜಾಗ ಯಾವುದು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಇಲ್ಲಿ ವಿಳಾಸ ಬೇರೆ, ಮನೆ ಬೇರೆ ಎಂದು ಬಿಡಿಸಿ ನೋಡಬೇಕು. ಓದುಗರು ನೆನಪಿಡುವುದು, ಇನ್ನೊಬ್ಬರಿಗೆ ಕಳಿಸುವುದು, ಪುಸ್ತಕದ ಅಡಿಟಿಪ್ಪಣಿಯಲ್ಲಿ ಮುದ್ರಿಸುವುದು ವಿಳಾಸವನ್ನು. ಅದು ಕಂಪನಿಯ ಹೆಸರಿನ ಬಾಲಕ್ಕೆ ಅಂಟಿಕೊಂಡಿದ್ದರೆ ಮನೆ ಬದಲಿಸಿದ ದಿನವೇ ವಿಳಾಸವೂ ಹೋಯಿತು. ಆದ್ದರಿಂದ ಸರ್ವರಿನ ಮಾತಿಗೆ ಮೊದಲು ಸ್ವಂತ ಡೊಮೇನ್ ಕೊಳ್ಳಬೇಕು. ಭಾರತದ ಡಾಟ್ ಇನ್ ಹೆಸರುಗಳನ್ನು ನಿಕ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ, ವರ್ಷಕ್ಕೆ ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಮುಗಿಯುವ ವಿಳಾಸಗಳೂ ಈಗ ಉಂಟು. ಇದರ ಬೆಲೆ ತಿಳಿಯಲು ಕನ್ನಡದ್ದೇ ಉದಾಹರಣೆ ಇದೆ. ಡಾ. ಯು. ಬಿ. ಪವನಜ 1996ರಲ್ಲಿ ಆರಂಭಿಸಿದ ‘ವಿಶ್ವಕನ್ನಡ’, ಅಂತರಜಾಲದಲ್ಲಿ ಕನ್ನಡ ಕಾಣುವುದೇ ಅಪರೂಪವಾಗಿದ್ದ ಕಾಲದ ಪತ್ರಿಕೆ. ಆಗ ಓದಲು ಪ್ರತ್ಯೇಕ ಫಾಂಟ್ ಬೇಕಿತ್ತು, ಆಮೇಲೆ ಯೂನಿಕೋಡ್ ಬಂದು ಒಳಗಿನ ವ್ಯವಸ್ಥೆಯೆಲ್ಲ ಬದಲಾಯಿತು. ಸ್ವಂತ ಹೆಸರಿನ ವಿಳಾಸದಲ್ಲಿ ನಿಂತದ್ದರಿಂದ ಅದು ಒಂದು ಯುಗದಿಂದ ಇನ್ನೊಂದಕ್ಕೆ ಅದೇ ಹೆಸರಿನಲ್ಲಿ ದಾಟಲು ಸಾಧ್ಯವಾಯಿತು.

ಹಾಗಿದ್ದರೆ ಡೊಮೇನ್ ಮಾತ್ರ ಕೊಂಡು, ಫೈಲುಗಳನ್ನು ಉಚಿತ ಜಾಗದಲ್ಲೇ ಬಿಟ್ಟರೆ ಸಾಲದೇ? ನನ್ನ ವಾದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪಗಳಲ್ಲಿ ಇದು ಮೊದಲನೆಯದು. ಕವಿತೆ, ಪ್ರಬಂಧ, ತನ್ನ ಪರಿಚಯ ಇಷ್ಟೇ ಇಡುವವರಿಗೆ ಧಾರಾಳವಾಗಿ ಸಾಕು. ಊರಿನ ದಾಖಲೆ ಇಡುವವರಿಗೆ ಸಾಲದು. ಗಿಟ್‌ಹಬ್ ಪೇಜಸ್‌ನಲ್ಲಿ ಒಂದು ತಾಣಕ್ಕೆ ಮಿತಿ 1 ಜಿಬಿ. ನಂದಿಯ ಭೋಗನಂದೀಶ್ವರ ದೇವಸ್ಥಾನದ ಶಾಸನ, ಶಿಲ್ಪಗಳನ್ನು ಮೊಬೈಲಿನಲ್ಲೇ ತೆಗೆದರೂ ಒಂದು ಚಿತ್ರಕ್ಕೆ 4 ಎಂಬಿಯಂತೆ 250 ಚಿತ್ರಕ್ಕೆ ಜಾಗ ಮುಗಿಯಿತು. ಶಾಸನದ ಅಕ್ಷರ ಓದಬೇಕಾದರೆ ಚಿತ್ರವನ್ನು ಕುಗ್ಗಿಸುವಂತೆಯೂ ಇಲ್ಲ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಸ್ವಾತಂತ್ರ್ಯ ಚಳವಳಿಗಾರರ ಮೇಲೆ ನಡೆದ ಗೋಲಿಬಾರಿನ ನೆನಪು ಆ ಭಾಗದ ಮನೆತನಗಳಲ್ಲಿ ಇನ್ನೂ ಇದೆ. ಅಂಥ ಹಿರಿಯರ ಮಾತನ್ನು ಧ್ವನಿಮುದ್ರಿಸಿದರೆ ಸಾಮಾನ್ಯ ಎಂಪಿ3ಯಲ್ಲಿ ಒಂದು ಗಂಟೆಗೆ ಹತ್ತಿರಹತ್ತಿರ 58 ಎಂಬಿ ಹಿಡಿಯುತ್ತದೆ, ಹದಿನೇಳು ಗಂಟೆಗೆ ಮಿತಿ ತಲುಪುತ್ತದೆ. ವ್ಯಾಪಾರಕ್ಕಂತೂ ಈ ಜಾಗಗಳಲ್ಲಿ ಕಟ್ಟುಪಾಡು ಹೆಚ್ಚು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಧಾರಣೆ ಬರೆದಿಡುವ, ಗೂಡಿನಿಂದ ನೂಲು ಬಿಚ್ಚುವ ರೀಲರ್ ಒಬ್ಬರು ಅದರ ಪಕ್ಕದಲ್ಲೇ ತಮ್ಮ ರೇಷ್ಮೆ ಮಾರಲು ಹೊರಟರೆ, ಆನ್‌ಲೈನ್ ವ್ಯಾಪಾರ ನಡೆಸಕೂಡದೆಂಬ ನಿಯಮ ಅಡ್ಡ ಬರುತ್ತದೆ. ನಿಯಮ ಮಾಡಿದವರ ತಪ್ಪೇನಿಲ್ಲ. ಪುಕ್ಕಟೆ ಕೊಡುವವರು ಮಿತಿ ಹಾಕಲೇಬೇಕು. ಆದರೆ ಯಾವುದನ್ನು ಎಷ್ಟು ದಾಖಲಿಸಬೇಕು ಎಂಬುದನ್ನು ಶಿಡ್ಲಘಟ್ಟದ ಮಾರುಕಟ್ಟೆಯನ್ನೇ ನೋಡದವರು ತೀರ್ಮಾನಿಸಿದಂತಾಯಿತಲ್ಲ, ಅದು ಒಪ್ಪಲಾಗದ ಮಾತು.

ಸ್ವಂತ ಸರ್ವರ್ ಎಂದರೆ ಮನೆಯ ಮೂಲೆಯಲ್ಲಿ ಗುಂಯ್‌ಗುಡುವ ಯಂತ್ರವೇ ಆಗಬೇಕೆಂದಿಲ್ಲ. ಹಾಗೂ ಮಾಡಬಹುದು, ಹಳೆಯ ಲ್ಯಾಪ್‌ಟಾಪ್ ಒಂದೇ ಸಾಕು. ಆದರೆ ಬೆಸ್ಕಾಂನ ಕರೆಂಟು ಹೋದಾಗ ತಾಣವೂ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕು, ಮನೆಗೆ ಬರುವ ಬ್ರಾಡ್‌ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಹೊರಗಿನಿಂದ ತಲುಪಬಹುದಾದ ಸ್ವತಂತ್ರ ಐಪಿ ವಿಳಾಸ ಇರುವುದಿಲ್ಲ. ನೂರಾರು ಮನೆಗಳು ಒಂದೇ ವಿಳಾಸ ಹಂಚಿಕೊಂಡಿರುತ್ತವೆ. ಆದ್ದರಿಂದ ನಾನಿಲ್ಲಿ ಹೇಳುತ್ತಿರುವುದು ಬಾಡಿಗೆ ಸರ್ವರ್. ದೊಡ್ಡ ಯಂತ್ರವೊಂದರ ಒಳಗೆ ನಮಗೆಂದು ಬೇರ್ಪಡಿಸಿದ ಒಂದು ಪಾಲು, ಅದಕ್ಕೆ ವಿಪಿಎಸ್ ಎನ್ನುತ್ತಾರೆ. ತಿಂಗಳಿಗೆ 4ರಿಂದ 6 ಡಾಲರ್ ಬಾಡಿಗೆ. ಡಿಜಿಟಲ್‌ಓಷನ್ 2016ರಿಂದ ಬೆಂಗಳೂರಿನಲ್ಲೇ ಇಂಥ ಸರ್ವರುಗಳನ್ನು ಕೊಡುತ್ತಿದೆ. ಚಿಕ್ಕಬಳ್ಳಾಪುರದಿಂದ 60 ಕಿಲೋಮೀಟರ್ ಆಸುಪಾಸು. ಇದೂ ಒಂದು ಕಂಪನಿಯ ಹಂಗೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಹಂಗಿನ ಸ್ವರೂಪ ಬೇರೆ. ಒಳಗೆ ಇರುವುದು ಉಬುಂಟು ಅಥವಾ ಡೆಬಿಯನ್ ಎಂಬ ಎಲ್ಲ ಕಡೆಯೂ ಒಂದೇ ರೀತಿ ಸಿಗುವ ಮುಕ್ತ ತಂತ್ರಾಂಶ. ಈ ಕಂಪನಿ ಬೆಲೆ ಏರಿಸಿದರೆ ಒಂದು ಸಂಜೆಯಲ್ಲಿ ಎಲ್ಲವನ್ನೂ ಇನ್ನೊಂದಕ್ಕೆ ಒಯ್ಯಬಹುದು, ಓದುಗರಿಗೆ ಗೊತ್ತೂ ಆಗುವುದಿಲ್ಲ. ದುಡ್ಡು ಕೊಟ್ಟ ಗಿರಾಕಿಗೆ ಕೇಳುವ ಹಕ್ಕೂ ಇರುತ್ತದೆ.

ಹೀಗೆ ಹೊರಟವರಲ್ಲಿ ಹೆಚ್ಚಿನವರು ಎಡವುವ ಜಾಗವೊಂದಿದೆ. ಸರ್ವರ್ ಸಿಕ್ಕಿತಲ್ಲ ಎಂಬ ಹುಮ್ಮಸ್ಸಿನಲ್ಲಿ ಸ್ಟ್ಯಾಟಿಕ್ ತಾಣವನ್ನು ಬಿಟ್ಟು ಡೇಟಾಬೇಸು, ಲಾಗಿನ್ನು, ಇಪ್ಪತ್ತು ಪ್ಲಗಿನ್ನುಗಳ ತಾಣವನ್ನು ಎಬ್ಬಿಸುತ್ತಾರೆ. ಮನೆ ಬದಲಾಗಲಿ, ರೂಪ ಬದಲಾಗುವುದು ಬೇಡ. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ ‘ಸಂಪದ’ ಡ್ರೂಪಲ್ ಮೇಲೆ ನಿಂತದ್ದಕ್ಕೆ ಕಾರಣವಿತ್ತು: ಅದು ನೂರಾರು ಮಂದಿ ಬರೆಯುವ, ಪ್ರತಿಕ್ರಿಯಿಸುವ ಸಮುದಾಯ. ಅಂಥದ್ದನ್ನು ನಡೆಸುವುದು ದಿನನಿತ್ಯದ ದುಡಿಮೆ. ಒಬ್ಬರೇ ಬರೆಯುವ ತಾಣಕ್ಕೆ ಆ ಭಾರ ಬೇಡ. ಇದು ಎಷ್ಟು ನಿಜವೆಂದು ತಿಳಿಯಲು ಹೊಸ ಸರ್ವರಿನ ಲಾಗ್ ಫೈಲನ್ನು ಒಮ್ಮೆ ತೆರೆದು ನೋಡಬೇಕು. ಯಾರಿಗೂ ವಿಳಾಸ ಹೇಳಿರುವುದಿಲ್ಲ. ಆದರೂ ಸರ್ವರ್ ಎದ್ದು ಸ್ವಲ್ಪ ಹೊತ್ತಿಗೇ ಜಗತ್ತಿನ ಮೂಲೆಮೂಲೆಯಿಂದ ಬಾಗಿಲು ತಟ್ಟುವುದು ಶುರು. ‘ರೂಟ್’ ಎಂಬ ಹೆಸರಿನಲ್ಲಿ ಒಬ್ಬ, ‘ಅಡ್ಮಿನ್’ ಎಂದು ಇನ್ನೊಬ್ಬ, ಪಾಸ್‌ವರ್ಡ್ ಊಹಿಸುತ್ತ ಸಾಲುಸಾಲಾಗಿ ಬರುತ್ತಾರೆ. ವೆಬ್ ಲಾಗಿನಲ್ಲಿ ವರ್ಡ್‌ಪ್ರೆಸ್‌ನ ಲಾಗಿನ್ ಪುಟ ಕೊಡು ಎಂಬ ಕೋರಿಕೆ, ಅದಕ್ಕೆ ಸರ್ವರಿನ ಉತ್ತರ 404, ಅಂದರೆ ‘ಅಂಥ ಪುಟವಿಲ್ಲ’; ಡೇಟಾಬೇಸಿನ ನಿರ್ವಹಣಾ ಪುಟ ಕೊಡು ಎಂಬ ಕೋರಿಕೆ, ಮತ್ತೆ 404. ಇವರು ಮನುಷ್ಯರೂ ಅಲ್ಲ, ಬಿಟ್ಟ ಬಾಗಿಲು ಹುಡುಕುತ್ತ ಅಲೆಯುವ ಯಂತ್ರಗಳು. ಸ್ಟ್ಯಾಟಿಕ್ ತಾಣದಲ್ಲಿ ಅವು ಕೇಳುವ ಯಾವ ಬಾಗಿಲೂ ಇಲ್ಲ. ಇರುವುದು ಬರೀ ಪುಟಗಳು, ಅವು ಎಲ್ಲರಿಗೂ ಕೊಡಲೆಂದೇ ಇಟ್ಟವು.

ಭದ್ರತೆಯ ಆಕ್ಷೇಪಕ್ಕೆ ಅರ್ಧ ಉತ್ತರ ಇದರಲ್ಲೇ ಸಿಕ್ಕಿತು. ಉಳಿದರ್ಧಕ್ಕೆ ಬೇಕಾದದ್ದು ಹೆಚ್ಚೇನಲ್ಲ. ಪಾಸ್‌ವರ್ಡ್ ಮೂಲಕ ಒಳಗೆ ಬರುವುದನ್ನು ಪೂರ್ತಿ ನಿಲ್ಲಿಸಿ ಎಸ್‌ಎಸ್‌ಎಚ್ ಕೀಲಿಯಿಂದ ಮಾತ್ರ ಪ್ರವೇಶ ಇಟ್ಟರೆ, ಊಹಿಸುವ ಯಂತ್ರಗಳು ವರ್ಷಗಟ್ಟಲೆ ಊಹಿಸುತ್ತಲೇ ಇರಬೇಕು. ಫೈರ್‌ವಾಲಿನಲ್ಲಿ 22, 80, 443 ಈ ಮೂರು ಪೋರ್ಟು ಬಿಟ್ಟು ಮಿಕ್ಕೆಲ್ಲ ಮುಚ್ಚಬೇಕು. ಭದ್ರತೆಯ ಅಪ್‌ಡೇಟುಗಳು ತಾವಾಗಿ ಇಳಿಯುವಂತೆ ಮಾಡಬೇಕು. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಅಂಥ ಅಪ್‌ಡೇಟ್ ಸಿಗುತ್ತದೆ, 2024ರ ಆವೃತ್ತಿಗೆ 2029ರ ತನಕ. ಹಿಂದೆ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳಬೇಕಿದ್ದ ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಲಾಭರಹಿತ ಸಂಸ್ಥೆ 2015ರ ಕೊನೆಯಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಆ ಪ್ರಮಾಣಪತ್ರದ ಅವಧಿ 90 ದಿನ, ಮುಂದೆ ಇನ್ನೂ ಕಡಿಮೆಯಾಗಲಿದೆ. ಆದ್ದರಿಂದ ನವೀಕರಣವನ್ನು ಯಂತ್ರಕ್ಕೇ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಅದು ನಿಜಕ್ಕೂ ನಡೆಯುತ್ತಿದೆಯೇ ಎಂದು ಆಗಾಗ ನೋಡಬೇಕು. ಮೊದಲ ವಾರ ಒಂದಿಷ್ಟು ಕಲಿಕೆ, ಆಮೇಲೆ ತಿಂಗಳಿಗೆ ಒಂದರ್ಧ ಗಂಟೆ. ಪುರುಸೊತ್ತು ಅಷ್ಟೂ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು. ಯಾರೂ ನೋಡಿಕೊಳ್ಳದ ಸರ್ವರ್ ಕಳ್ಳರ ಕೈಸೇರಿದರೆ ಅದರಿಂದ ಬೇರೆಯವರಿಗೂ ಕೇಡು.

ಸಾಗಣೆಯ ಕೆಲಸದಲ್ಲಿ ಕನ್ನಡದವರಿಗೆಂದೇ ಇರುವ ಒಂದು ತೊಡಕನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂಗ್ಲಿಷಿನ ಕೈಪಿಡಿಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ಚಿಂತಾಮಣಿಯ ಸುತ್ತಲಿನ ಸ್ಥಳಗಳ ಬಗ್ಗೆ ಬರೆಯುವವರು ಒಂದು ಪುಟದ ಫೈಲಿಗೆ ‘ಕೈವಾರ’ ಎಂದೇ ಕನ್ನಡದಲ್ಲಿ ಹೆಸರಿಟ್ಟಿದ್ದಾರೆ ಎಂದುಕೊಳ್ಳಿ. ‘ಕೈ’ಯಲ್ಲಿರುವ ಐತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೆಳಗಿನ ಗುರುತು ಎಂದು ಎರಡು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಳೆಯ ಮ್ಯಾಕ್ ಕಂಪ್ಯೂಟರುಗಳು ಫೈಲಿನ ಹೆಸರನ್ನು ಬಿಡಿಸಿ ಇಡುತ್ತಿದ್ದವು, ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಹಾಗೇ ಇಡುತ್ತದೆ. ಕೊಂಡಿಯಲ್ಲಿ ಒಂದು ರೂಪ, ಸರ್ವರಿನಲ್ಲಿ ಇನ್ನೊಂದು ರೂಪ ಇದ್ದರೆ ಫೈಲು ಕಣ್ಣೆದುರೇ ಇದ್ದರೂ ಸರ್ವರ್ ‘ಇಲ್ಲ’ ಎನ್ನುತ್ತದೆ. ಏತ್ವ, ಓತ್ವ ಬರುವ ಹೆಸರುಗಳಿಗೂ ಇದೇ ಪಾಡು. ಜೊತೆಗೆ ಒಂದೊಂದು ಸಂಕೇತಕ್ಕೆ ಮೂರು ಬೈಟ್. ‘ಶಿಡ್ಲಘಟ್ಟ’ದಲ್ಲಿ ಒಂಬತ್ತು ಸಂಕೇತಗಳು, 27 ಬೈಟ್, ಅದನ್ನು ವೆಬ್ ವಿಳಾಸವಾಗಿ ನಕಲಿಸಿ ವಾಟ್ಸಾಪಿಗೆ ಅಂಟಿಸಿದಾಗ ಎಷ್ಟೋ ಸಲ ಶೇಕಡಾ ಚಿಹ್ನೆಗಳಿಂದ ತುಂಬಿದ 81 ಅಕ್ಷರಗಳ ಸಾಲಾಗಿಬಿಡುತ್ತದೆ. ಸಾಗಿಸುವ ಹೊತ್ತಿನಲ್ಲಿ ಫೈಲುಗಳಿಗೆ ರೋಮನ್ ಲಿಪಿಯ ಚಿಕ್ಕ ಹೆಸರಿಟ್ಟು, ಹಳೆಯ ಕನ್ನಡ ಹೆಸರಿನ ಎರಡೂ ರೂಪಗಳಿಂದ ಹೊಸದಕ್ಕೆ ಶಾಶ್ವತ ಮರುನಿರ್ದೇಶನ ಕೊಡುವುದು ಕ್ಷೇಮ. ಇಂಥ ಮರುನಿರ್ದೇಶನವನ್ನು ಸರ್ವರಿನ ಮಟ್ಟದಲ್ಲೇ ಬರೆಯುವ ಸ್ವಾತಂತ್ರ್ಯ ಗಿಟ್‌ಹಬ್ ಪೇಜಸ್‌ನಲ್ಲಿ ಇಲ್ಲ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ನಡೆಯುವ ಸ್ವಂತ ಸರ್ವರಿನಲ್ಲಿ ಅದು ಎರಡು ಸಾಲಿನ ಕೆಲಸ. ಮಿಕ್ಕ ಸಾಗಣೆ ಸರಳ. ಡೊಮೇನನ್ನು ಸರ್ವರಿಗೆ ಜೋಡಿಸುವ ಡಿಎನ್‌ಎಸ್ ದಾಖಲೆಯ ಆಯುಸ್ಸನ್ನು ಎರಡು ದಿನ ಮೊದಲೇ ಐದು ನಿಮಿಷಕ್ಕೆ ಇಳಿಸಿ, ಫೈಲುಗಳನ್ನು ಆರ್‌ಸಿಂಕ್ ಎಂಬ ನಕಲು ಸಾಧನದಿಂದ ತುಂಬಿ, ವಿಳಾಸವನ್ನು ಹೊಸ ಸರ್ವರಿಗೆ ತಿರುಗಿಸಿದರೆ ಆಯಿತು.

ಇನ್ನು ಹಣ. ಬಾಡಿಗೆ, ತೆರಿಗೆ ಸೇರಿ ವರ್ಷಕ್ಕೆ ಸುಮಾರು ಆರು ಸಾವಿರ ರೂಪಾಯಿ ಆಗುತ್ತದೆ. ನಿವೃತ್ತ ಮೇಷ್ಟರಿಗೆ, ರೇಷ್ಮೆ ನಂಬಿದವರಿಗೆ ಇದು ಸಣ್ಣ ಮೊತ್ತವಲ್ಲ, ಓದುಗರಿಂದ ಅದು ಹುಟ್ಟುವ ದಾರಿಯೂ ಕಡಿಮೆ. ಆದರೆ ಒಬ್ಬೊಬ್ಬರಿಗೆ ಒಂದೊಂದು ಸರ್ವರ್ ಬೇಕಾಗಿಯೇ ಇಲ್ಲ. 1 ಜಿಬಿ ಮೆಮೊರಿಯ ಚಿಕ್ಕ ಸರ್ವರ್ ಕೂಡ ಸ್ಟ್ಯಾಟಿಕ್ ತಾಣಗಳನ್ನು ಡಜನುಗಟ್ಟಲೆ ನಿರಾಯಾಸವಾಗಿ ಹೊರುತ್ತದೆ. ಯಾವ ಡೊಮೇನ್ ಕೇಳಿ ಬಂದರು ಎಂಬುದನ್ನು ನೋಡಿ ಅದರದೇ ಪುಟ ಕೊಡುವುದು ಎಂಜಿನ್‌ಎಕ್ಸ್‌ಗೆ ಸಹಜ ಕೆಲಸ. ಚಿಕ್ಕಬಳ್ಳಾಪುರದ ಶಾಸನಾಸಕ್ತರೊಬ್ಬರು, ಗೌರಿಬಿದನೂರಿನ ಇತಿಹಾಸ ಅಧ್ಯಾಪಕರೊಬ್ಬರು, ಚಿಂತಾಮಣಿಯ ಬರಹಗಾರರೊಬ್ಬರು, ಶಿಡ್ಲಘಟ್ಟದ ರೀಲರ್ ಒಬ್ಬರು ಒಟ್ಟುಗೂಡಿದರೆ ತಲಾ ಒಂದೂವರೆ ಸಾವಿರ, ತಮ್ಮತಮ್ಮ ಡೊಮೇನಿಗೆ ಇನ್ನೊಂದು ಸಾವಿರದೊಳಗೆ. ತಿಂಗಳಿಗೆ ಇನ್ನೂರು ರೂಪಾಯಿ ಚಿಲ್ಲರೆ. ಹಣಕ್ಕಿಂತ ಮುಖ್ಯವಾದ ಲಾಭ, ಕೀಲಿ ಒಬ್ಬರ ಬಳಿ ಮಾತ್ರ ಇರುವುದಿಲ್ಲ. ಈ ಸೀಮೆಯ ಕೆರೆಗಳನ್ನು ಉಳಿಸಿದ್ದು ತೂಬಿನ ಕಲ್ಲಿಗಿಂತ ಹೆಚ್ಚಾಗಿ ತೂಬು ಎತ್ತುವ ನೀರುಗಂಟಿ ಮತ್ತು ಅವನನ್ನು ಕೇಳುವ ಊರು. ಸರ್ವರಿನ ಸರದಿಯನ್ನೂ ಹಾಗೆ ಗೊತ್ತುಮಾಡಿಕೊಳ್ಳಬಹುದು. ಒಬ್ಬರ ಫೈಲು ಇನ್ನೊಬ್ಬರು ಮುಟ್ಟದಂತೆ ಲಿನಕ್ಸಿನಲ್ಲಿ ಬೇರೆಬೇರೆ ಬಳಕೆದಾರರ ಖಾತೆಗಳಿರುತ್ತವೆ, ಜಗಳಕ್ಕೆ ಕಾರಣವಿಲ್ಲ. ಎರಡು ಊರಿನಲ್ಲಿ ಇಬ್ಬರಿಗಾದರೂ ಪೂರ್ಣ ಅಧಿಕಾರ ಇರಬೇಕು, ಅಷ್ಟೇ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ಉಚಿತ ತಾಣ ಬರೆದವರು ತೀರಿಕೊಂಡ ಮೇಲೂ ಕಂಪನಿ ಇರುವ ತನಕ ಇರುತ್ತದೆ. ಬಾಡಿಗೆ ಸರ್ವರ್ ಬಾಡಿಗೆ ನಿಂತ ಮುಂದಿನ ತಿಂಗಳೇ ಅಳಿಯುತ್ತದೆ. ಅದಕ್ಕೆ ಬರೆದವರು ಸಾಯಬೇಕಾಗಿಯೂ ಇಲ್ಲ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಾಗ ವಿದೇಶಿ ಸೇವೆಗಳಿಗೆ ಕಾರ್ಡಿನಿಂದ ತಾನಾಗಿ ಹೋಗುತ್ತಿದ್ದ ಪಾವತಿಗಳು ಎಷ್ಟೋ ಜನರಿಗೆ ನಿಂತುಹೋದವು. ಗಮನಿಸದವರ ಸೇವೆಗಳೂ ನಿಂತವು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದ್ದರಿಂದಲೇ ಉಚಿತ ಜಾಗವನ್ನು ಬಿಟ್ಟು ಬನ್ನಿ ಎನ್ನುವುದಿಲ್ಲ. ಅದನ್ನು ಎರಡನೆಯ ಪ್ರತಿ ಇಡುವ ಜಾಗವಾಗಿ ಉಳಿಸಿಕೊಳ್ಳಿ. ತಾಣ ಸ್ಟ್ಯಾಟಿಕ್ ಆಗಿದ್ದರೆ ಒಂದೇ ಆಜ್ಞೆಯಲ್ಲಿ ಸ್ವಂತ ಸರ್ವರಿಗೂ ಹೋಗುತ್ತದೆ, ಉಚಿತ ಜಾಗಕ್ಕೂ ಹೋಗುತ್ತದೆ. ಪೂರ್ಣ ಗಾತ್ರದ ಚಿತ್ರ, ಧ್ವನಿಮುದ್ರಣ ಅಲ್ಲಿ ಹಿಡಿಯದಿದ್ದರೆ ಬರಹ ಮಾತ್ರವಾದರೂ ಇರಲಿ. ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷೀನ್’ಗೆ ಪುಟದ ವಿಳಾಸ ಕೊಟ್ಟರೆ ಅದೂ ಒಂದು ಪ್ರತಿ ತೆಗೆದಿಟ್ಟುಕೊಳ್ಳುತ್ತದೆ. ಡೊಮೇನನ್ನು ಒಮ್ಮೆಗೆ ಹತ್ತು ವರ್ಷದ ತನಕ ನೋಂದಾಯಿಸಬಹುದು. ಸರ್ವರ್ ಅಳಿದರೂ ಉಳಿದ ಮೂವರಲ್ಲಿ ಒಬ್ಬರು ಅದೇ ಡೊಮೇನನ್ನು ಉಚಿತ ಪ್ರತಿಯ ಕಡೆಗೆ ತಿರುಗಿಸಿದರೆ ಓದುಗರ ಹಳೆಯ ಕೊಂಡಿಗಳು ಮತ್ತೆ ತೆರೆಯುತ್ತವೆ. ಅದಕ್ಕೆ ಡೊಮೇನ್ ಖಾತೆಯ ವಿವರ ಮನೆಯವರಲ್ಲಿ ಒಬ್ಬರಿಗೆ, ಸರ್ವರಿನ ಪಾಲುದಾರರಲ್ಲಿ ಒಬ್ಬರಿಗೆ ಬರೆದು ಕೊಟ್ಟಿರಬೇಕು, ಪಾವತಿಯ ದಿನ ನಾಲ್ವರ ಫೋನಿನಲ್ಲೂ ನೆನಪೋಲೆಯಾಗಿ ಇರಬೇಕು.